ಸಿಟಿನೋ ಬಯಾಪ್ಸಿನೋ ಅನ್ನೋದಕ್ಕಿಂತ ಮೊದಲು, ಡಬ್ಬಿ ಎರಡು ಇವೆಯಾ ಕೇಳ್ರಿ

ತಮ್ಮನ ಕುತ್ತಿಗೆ ಗಂಟು ಎರಡು ತಿಂಗಳಾದರೂ ಇಳಿದಿಲ್ಲ, ಒಬ್ಬ ಡಾಕ್ಟರು ಸಿಟಿ ಸ್ಕ್ಯಾನ್ ಅಂತಾರೆ, ಇನ್ನೊಬ್ಬರು ಬಯಾಪ್ಸಿ (ಗಂಟಿನ ತುಂಡು ತೆಗೆದು ಪರೀಕ್ಷೆ) ಅಂತಾರೆ ಅಂದಿದ್ದೀರಿ. ನಮ್ಮ ಮನೆಯಲ್ಲೂ ಇದೇ ಜಗ್ಗಾಟ ನಡೆದಿತ್ತು. ಈಗ ಕಲಬುರಗಿಯ ಲ್ಯಾಬ್ ಒಂದರಲ್ಲಿ ಇಂಥ ಸ್ಯಾಂಪಲ್ ನೋಡೋದೇ ನನ್ನ ಕೆಲಸ. ಇದರಲ್ಲಿ ಒಂದನ್ನು ಆರಿಸಿಕೊಳ್ಳೋ ಮಾತೇ ಇಲ್ರಿ. ಗಂಟು ಎಲ್ಲೆಲ್ಲಿದೆ, ಎಷ್ಟು ದಪ್ಪ ಇದೆ ಅಂತ ಸ್ಕ್ಯಾನ್ ಹೇಳುತ್ತದೆ. ಟಿಬಿಯೋ ಲಿಂಫೋಮಾನೋ (ಇಂಥ ಗಂಟುಗಳ ಕ್ಯಾನ್ಸರ್) ಅಂತ ಖಚಿತವಾಗಿ ಹೇಳಲಾರದು.

ಕುತ್ತಿಗೆಗೆ ಮೊದಲು ಸೋನೋಗ್ರಫಿ ಸಾಕು. ಒಳ್ಳೆಯ ಗಂಟು ಅವರೆಕಾಳಿನ ಹಾಗೆ ಉದ್ದಕ್ಕಿದ್ದು, ನಡುವೆ ಕೊಬ್ಬಿನ ಬಿಳಿ ಗೆರೆ ಕಾಣುತ್ತದೆ. ದುಂಡಗಾಗಿ ಆ ಗೆರೆ ಅಳಿಸಿದ್ದರೆ, ಒಂದಕ್ಕೊಂದು ಅಂಟಿಕೊಂಡಿದ್ದರೆ ಅಂಥದ್ದಕ್ಕೇ ಸೂಜಿ ಹಾಕಿಸಿ ಪರೀಕ್ಷೆಗೆ ಕೊಡ್ರಿ; ಇದಕ್ಕೇ ಎಫ್‌ಎನ್‌ಎಸಿ ಅಂತಾರೆ. ಎದೆ, ಹೊಟ್ಟೆಯೊಳಗೂ ಗಂಟಿರೋ ಅನುಮಾನ ಇದ್ದರೆ, ಇಲ್ಲಾ ರೋಗ ಗೊತ್ತಾದ ಮೇಲೆ ಎಲ್ಲಿಯವರೆಗೆ ಹರಡಿದೆ ನೋಡಲಿಕ್ಕೆ ಸಿಟಿ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಅನ್ನೋ ಮಾತಿಗೆ ಹೆದರಿ ಎಫ್‌ಎನ್‌ಎಸಿ ಮುಂದೂಡಬೇಡ್ರಿ.

ಸೂಜಿಯಲ್ಲಿ ಕೀವು ಬಂದರೆ ಸ್ವಲ್ಪ ಸ್ಲೈಡಿಗೆ, ಉಳಿದದ್ದು ಸ್ಟೆರೈಲ್ (ಕ್ರಿಮಿ ಇಲ್ಲದ) ಡಬ್ಬಿಯಲ್ಲಿ ಸಿಬಿನ್ಯಾಟ್‌ಗೆ, ಅಂದರೆ ಟಿಬಿ ಕ್ರಿಮಿ ಇದೆಯಾ, ಅದಕ್ಕೆ ರಿಫಾಂಪಿಸಿನ್ ಔಷಧಿ ನಾಟುತ್ತದೋ ಅಂತ ನೋಡೋ ಪರೀಕ್ಷೆಗೆ, ಹೋಗಬೇಕು. ಸರ್ಕಾರಿ ಟಿಬಿ ಕಾರ್ಯಕ್ರಮದಲ್ಲಿ ಅದು ಪುಕ್ಕಟೆ.

ಸೂಜಿಯಲ್ಲಿ ತೀರ್ಮಾನವಾಗದೆ ಗಂಟು ತೆಗೆಯೋ ಪ್ರಸಂಗ ಬಂದಾಗ ಕೆಲಸ ಕೆಡುವುದು ಡಬ್ಬಿಯಲ್ಲಿ. ಥಿಯೇಟರಿನಲ್ಲಿ ತೆಗೆದ ಗಂಟನ್ನು ಇಡಿಯಾಗಿ ಫಾರ್ಮಲಿನ್‌ಗೆ ಹಾಕಿಬಿಡುತ್ತಾರೆ. ಫಾರ್ಮಲಿನ್ ಮಾಂಸ ಕೊಳೆಯದಂತೆ ಹಿಡಿದಿಡುತ್ತದೆ, ಜೊತೆಗೆ ಟಿಬಿ ಕ್ರಿಮಿಯನ್ನೂ ಕೊಲ್ಲುತ್ತದೆ. ಆಮೇಲೆ ಕಲ್ಚರ್‌ನಲ್ಲಿ (ಕ್ರಿಮಿ ಬೆಳೆಸಿ ನೋಡೋ ಪರೀಕ್ಷೆ) ಏನೂ ಬೆಳೆಯುವುದಿಲ್ಲ, ಸಿಬಿನ್ಯಾಟ್ ಕೂಡ ನಂಬೋ ಹಾಗಿರೋದಿಲ್ಲ. ಸ್ಲೈಡಿನಲ್ಲಿ ಗ್ರಾನ್ಯುಲೋಮಾ (ಟಿಬಿಯಲ್ಲಿ ಕಾಣೋ ಜೀವಕೋಶಗಳ ಗುಂಪು) ಕಂಡು 'ಟಿಬಿ ಇರಬಹುದು' ಅಂತ ರಿಪೋರ್ಟ್ ಬರುತ್ತದೆ; ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಗೊತ್ತಾಗೋದಿಲ್ಲ. ಅದಕ್ಕೇ ಮತ್ತೆ ಕೊಯ್ಯಿಸಿಕೊಂಡವರಿದ್ದಾರೆ. ಹಿಂದಿನ ದಿನವೇ ಸರ್ಜನ್ನರನ್ನು ಕೇಳ್ರಿ: 'ಸರ್, ಡಬ್ಬಿ ಎರಡು ಇಡ್ತೀರಾ?' ಗಂಟಿನ ಹೆಚ್ಚಿನ ಭಾಗ 10% ಫಾರ್ಮಲಿನ್‌ಗೆ, ಅದೂ ಗಂಟಿನ ಹತ್ತು ಪಟ್ಟು ದ್ರವ ಇರಬೇಕು. ಚಿಕ್ಕ ತುಂಡು ಸ್ಟೆರೈಲ್ ಡಬ್ಬಿಯಲ್ಲಿ ತುಸು ಸಲೈನ್ ಹಾಕಿ, ಐಸ್ ಪ್ಯಾಕ್ ಜೊತೆ ಅದೇ ದಿನ ಟಿಬಿ ಲ್ಯಾಬಿಗೆ. ಒಣ ಗಾಜ್ ಬಟ್ಟೆಯಲ್ಲಿ ಸುತ್ತಿದರೆ ಒಣಗಿಹೋಗುತ್ತದೆ. ಡಬ್ಬಿಯ ಮೇಲೆ 'ಸಲೈನ್, ಫಾರ್ಮಲಿನ್ ಹಾಕಬೇಡಿ' ಅಂತ ಬರೆಸ್ರಿ.

ಲಿಂಫೋಮಾ ಅನುಮಾನ ಇದ್ದರೆ ಎಫ್‌ಎನ್‌ಎಸಿ ಸಾಲದು. ಗಂಟಿನ ಒಳಗಿನ ರಚನೆ ಕಾಣಬೇಕು, ಆದ್ದರಿಂದ ಸಾಧ್ಯವಾದರೆ ಗಂಟು ಪೂರ್ತಿ ಬರಲಿ. ಸ್ಲೈಡು, ಬ್ಲಾಕು (ಗಂಟಿನ ತುಂಡು ಕೂರಿಸಿದ ಮೇಣದ ಗಟ್ಟಿ) ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ. ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರಕ್ಕೆ ಹೋದರೂ ಹೈದರಾಬಾದಿಗೆ ಹೋದರೂ ಅವನ್ನೇ ಕೇಳ್ತಾರೆ.

ಇದೆಲ್ಲ ಆಗೋವರೆಗೆ ಊತ ಇಳಿಯಲಿ ಅಂತ ಯಾರಾದರೂ ಪ್ರೆಡ್ನಿಸೊಲೋನ್ ಅನ್ನೋ ಸ್ಟೆರಾಯ್ಡ್ ಬರೆದರೆ ಬಯಾಪ್ಸಿಗೆ ಮುಂಚೆ ಬೇಕೇ ಬೇಕಾ ಅಂತ ಕೇಳ್ರಿ. ಲಿಂಫೋಮಾ ಆಗಿದ್ದರೆ ಗಂಟು ಕುಗ್ಗಿ ರೋಗ ಸ್ಲೈಡಿನಲ್ಲಿ ಕಾಣದೇ ಹೋಗಬಹುದು. ಲೆವೊಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಕೂಡ ಟಿಬಿಯನ್ನು ಹಾಗೇ ಮರೆಮಾಡಬಹುದು. ಕಾಲರ್ ಬೋನ್ ಮೇಲಿನ ಗಂಟು, ಕಲ್ಲಿನಂಥ ಗಂಟು, ಇಲ್ಲಾ ಗಂಟಿನ ಜೊತೆಗೆ ಜ್ವರ, ರಾತ್ರಿ ಬೆವರು, ತೂಕ ಇಳಿತ ಇದ್ದರೆ ಈ ವಾರವೇ ಸರ್ಕಾರಿ ಆಸ್ಪತ್ರೆಗೆ, ಯಾದಗಿರಿಯ ಯಿಮ್ಸ್‌ಗೋ ಕಲಬುರಗಿಯ ಜಿಮ್ಸ್‌ಗೋ ಕರೆದುಕೊಂಡು ಹೋಗ್ರಿ.