ಹಿಡಿಯುವವರಿಲ್ಲದ ವಾರಂಟು, ಬಚ್ಚಿಟ್ಟ ಕಾಗದ

ಸಾಗರದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಯಾರನ್ನೂ ಹಿಡಿಯಲಾಗದ ಕೋರ್ಟು ಇದ್ದರೆಷ್ಟು, ಬಿಟ್ಟರೆಷ್ಟು? ಆ ಜಾಗದಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಬರೆಯಬಹುದಿತ್ತು."

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ನಿಜ ಇದೆ. ಯುದ್ಧಾಪರಾಧ, ನರಮೇಧದಂಥ ಕೇಸು ನಡೆಸುವ ಆ ಕೋರ್ಟಿಗೆ ಸ್ವಂತ ಪೊಲೀಸರಿಲ್ಲ, ಸದಸ್ಯ ದೇಶಗಳೇ ಆರೋಪಿಯನ್ನು ಹಿಡಿದುಕೊಡಬೇಕು. ವಾರಂಟು ಇದ್ದರೂ ಸುಡಾನಿನ ಆಗಿನ ಅಧ್ಯಕ್ಷ ಬಶೀರ್ 2015ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ವಾಪಸಾದರು. ಪುಟಿನ್ 2024ರಲ್ಲಿ ಮಂಗೋಲಿಯಾಕ್ಕೆ ಹೋಗಿ ಬಂದರು. ಎರಡೂ ಸದಸ್ಯ ದೇಶಗಳೇ. ಅಮೆರಿಕ, ರಷ್ಯಾ, ಚೀನಾ ಸೇರಿಯೇ ಇಲ್ಲ, ನಮ್ಮ ಭಾರತವೂ ಇಲ್ಲ.

ಇಷ್ಟನ್ನು ಒಪ್ಪಿಕೊಂಡೆ. ಆದರೆ "ಇದ್ದರೆಷ್ಟು, ಬಿಟ್ಟರೆಷ್ಟು" ಅನ್ನೋ ಮಾತು ಮೇಷ್ಟ್ರ ಬಾಯಲ್ಲಿ ಬರಬಾರದಿತ್ತು.

ಆಫ್ರಿಕಾದ ಚಾಡ್ ದೇಶದಲ್ಲಿ ಸುಲೇಮಾನ್ ಗೆಂಗೆಂಗ್ ಅಂತ ಒಬ್ಬ ಸಾಧಾರಣ ನೌಕರ. ಸರ್ವಾಧಿಕಾರಿ ಹಿಸೇನ್ ಹಾಬ್ರೆಯ ಜೈಲಿನಲ್ಲಿ ಎರಡು ವರ್ಷಕ್ಕೂ ಜಾಸ್ತಿ ಕೊಳೆತರು. ಪಕ್ಕದಲ್ಲಿ ಮಲಗಿದ್ದವರು ಬೆಳಗಾಗುವಷ್ಟರಲ್ಲಿ ಹೆಣವಾಗಿರುತ್ತಿದ್ದರು. 1990ರಲ್ಲಿ ಹಾಬ್ರೆ ಸೆನೆಗಲ್‌ಗೆ ಓಡಿಹೋದಾಗ ಇವರ ಬಿಡುಗಡೆಯಾಯಿತು. ಹೊರಗೆ ಬಂದವರು ಸುಮ್ನೆ ಕೂರಲಿಲ್ಲ. ನೊಂದವರ ಹೇಳಿಕೆ ಬರೆದುಕೊಂಡರು, ಒಟ್ಟು 792 ಜನರದ್ದು. ಹೆದರಿಕೆ ಬಂದಾಗ ಆ ಕಾಗದಗಳನ್ನು ಮನೆಯಲ್ಲೇ ವರ್ಷಗಟ್ಟಲೆ ಬಚ್ಚಿಟ್ಟರು. 2000ದಲ್ಲಿ ಅವೇ ಕಾಗದ ಸೆನೆಗಲ್‌ನ ಕೋರ್ಟಿಗೆ ಹೋದವು. ಕೇಸು ಎಳೆದಾಡಿತು. ಕೊನೆಗೆ ಅಲ್ಲಿಯೇ ಒಂದು ವಿಶೇಷ ನ್ಯಾಯಾಲಯ ಕೂತು 2016ರಲ್ಲಿ ಹಾಬ್ರೆಗೆ ಜೀವಾವಧಿ ಶಿಕ್ಷೆ ಕೊಟ್ಟಿತು.

ತೀರ್ಪು ಕೊಟ್ಟದ್ದು ಹೇಗ್ ಅಲ್ಲ, ನಿಜ. ಆದರೆ ಹೇಗ್ ಆಗಲಿ, ಸೆನೆಗಲ್‌ನ ರಾಜಧಾನಿ ಡಾಕರ್ ಆಗಲಿ, ಆ 792 ಹೇಳಿಕೆಗಳಿಲ್ಲದಿದ್ದರೆ ನ್ಯಾಯಾಧೀಶರು ಓದುವುದಾದರೂ ಏನನ್ನು? ಪೊಲೀಸರು ಇಂದಲ್ಲ ನಾಳೆ ಸಿಗಬಹುದು. ಫಿಲಿಪೀನ್ಸ್‌ನ ಮಾಜಿ ಅಧ್ಯಕ್ಷ ಡುಟರ್ಟೆಯನ್ನು 2025ರ ಮಾರ್ಚಿನಲ್ಲಿ ಅವರ ದೇಶದವರೇ ಹಿಡಿದು ಹೇಗ್‌ಗೆ ಕಳಿಸಲಿಲ್ಲವೇ? ಸತ್ತುಹೋದ ಸಾಕ್ಷಿ ಮಾತ್ರ ಮತ್ತೆ ಸಿಗುವುದಿಲ್ಲ.

ನನ್ನ ಸೋದರತ್ತೆ ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಗದ್ದೆ, ತೋಟ, ಭೂತನ ಕಟ್ಟೆ ಎಲ್ಲ ನೀರಿನಡಿ ಹೋಯಿತು. ಅಣೆಕಟ್ಟನ್ನೂ ಯುದ್ಧಾಪರಾಧವನ್ನೂ ನಾನು ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ಹಕ್ಕುಪತ್ರಕ್ಕೆ ಹೋದಾಗಲೆಲ್ಲ ಕಚೇರಿಯಲ್ಲಿ ಕೇಳಿದ್ದು ಒಂದೇ ಮಾತು: "ದಾಖಲೆ ಏನಿದೆ, ಅಮ್ಮ?" ಅತ್ತೆಯ ಟ್ರಂಕಿನಲ್ಲಿ ಇದ್ದದ್ದು ಗೆದ್ದಲು ತಿಂದ ಎರಡು ಕಂದಾಯ ರಸೀದಿ. ಊರಿನ ಪ್ರತಿ ಗದ್ದೆಯ ಹೆಸರು ಅವರ ಬಾಯಲ್ಲಿತ್ತು. ಯಾರೂ ಬರೆದುಕೊಳ್ಳಲಿಲ್ಲ. ನಾನೂ ಬರೆದುಕೊಳ್ಳಲಿಲ್ಲ. ಈಗ ಅತ್ತೆ ಇಲ್ಲ.

ನಾವು ಮಲೆನಾಡಿನವರು ಮಳೆ ಲೆಕ್ಕ ಬರೆದಿಡುತ್ತೇವೆ, ಅಡಿಕೆ ಧಾರಣೆ ಬರೆದಿಡುತ್ತೇವೆ. ಮನುಷ್ಯರಿಗೆ ಆದ ಅನ್ಯಾಯವನ್ನು ಮಾತ್ರ ಜಗಲಿಯಲ್ಲಿ ಮಾತಾಡಿ ಮರೆಯುತ್ತೇವೆ. ಇದು ನನ್ನನ್ನು ಬಹಳ ವರ್ಷದಿಂದ ಕಾಡುತ್ತಿದೆ.

ನೀವು ಮುಳುಗಡೆ ಮನೆಗಳ ಮಕ್ಕಳಿಗೂ ಪಾಠ ಹೇಳಿರುತ್ತೀರಿ, ಅಲ್ವಾ ಮೇಷ್ಟ್ರೇ? ಅವರ ಅಪ್ಪ ಅಮ್ಮಂದಿರಲ್ಲಿ ಇನ್ನೂ ಕೆಲವರು ಇದ್ದಾರೆ. ನಿಮ್ಮ ಕೈಬರಹ ಮುತ್ತಿನಂತಿದೆ. ಒಬ್ಬರ ಹತ್ತಿರ ಹೋಗಿ ಕೂತು ಬರೆದು ಕಳಿಸಿ. ಎರಡಲ್ಲ, ನಾಲ್ಕು ಪುಟ ಕೊಡುತ್ತೇನೆ. ಕೊಳೆರೋಗದ ಲೇಖನ ಮುಂದಿನ ಸಂಚಿಕೆಯಲ್ಲಿ ಖಂಡಿತ ಬರುತ್ತದೆ.

– ಸಂಪಾದಕ