ಅಲ್ಲಿ ನಿಮಗೆ ಸಿಗುವ ಮೊದಲ ವೋಟು

ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಬಂದು ಮೂರು ತಿಂಗಳಾಯಿತು, ಆಫೀಸಿನಲ್ಲಿ ಬೆಟ್ರೀಬ್ಸ್‌ರಾಟ್, ಅಂದರೆ ಕೆಲಸಗಾರರ ಸಮಿತಿಯ ಚುನಾವಣೆ ಅಂತ ಕಾಗದ ಕೊಟ್ಟಿದ್ದಾರೆ, ವೋಟು ಹಾಕಿದರೆ ವೀಸಾಗೆ ತೊಂದರೆ ಆಗುತ್ತಾ ಅಂತ ಕೇಳಿದ್ದೀರಿ. "ಯೂನಿಯನ್ ಗೀನಿಯನ್ ಸಹವಾಸ ಬೇಡ ಅಂತ ಅಮ್ಮ ಹೇಳಿ ಕಳಿಸಿದ್ದಾರೆ ಅಕ್ಕ" ಅಂತಲೂ ಬರೆದಿದ್ದೀರಿ. ಓದಿ ನಗು ಬಂತು. ನಮ್ಮಮ್ಮನೂ ಇದನ್ನೇ ಹೇಳಿ ಕಳಿಸಿದ್ದರು. ಈಗ ರಜೆಗೆ ಬೆಂಗಳೂರಿಗೆ ಬಂದಿದ್ದೇನೆ. ಜಾಲಹಳ್ಳಿ ಮನೆಯಲ್ಲಿ ಅವರ ಎದುರೇ ಕೂತು ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಭಯದ ವಿಷಯ. ಧೈರ್ಯವಾಗಿ ಹಾಕಿ. ಯಾರಿಗೆ ಹಾಕಿದಿರಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹದಿನಾರು ವರ್ಷ ತುಂಬಿ, ಅಲ್ಲಿ ಕೆಲಸಕ್ಕೆ ಇದ್ದರೆ ಸಾಕು, ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ನೋಡುವುದಿಲ್ಲ. ಈ ಚುನಾವಣೆಗೆ ಅಡ್ಡಗಾಲು ಹಾಕುವುದು ಅಲ್ಲಿ ಜೈಲಿಗೆ ಹೋಗುವಂಥ ಅಪರಾಧ. ಅವರ ಪಾರ್ಲಿಮೆಂಟಿಗೆ ವೋಟು ಹಾಕಲು ಪೌರತ್ವ ಬೇಕು, ಇದಕ್ಕೆ ಬೇಡ. ನಾನು 2007ರಲ್ಲಿ ಹೋದವಳು. ಆ ದೇಶದಲ್ಲಿ ನನಗೆ ಸಿಕ್ಕ ಮೊದಲ ವೋಟು 2010ರದ್ದು, ಇದೇ ಚುನಾವಣೆಯದ್ದು.

ಬೆಟ್ರೀಬ್ಸ್‌ರಾಟ್ ಬೇರೆ, ಯೂನಿಯನ್ ಬೇರೆ. ಹೊಸಬರು ಎರಡನ್ನೂ ಕಲಸಿಕೊಳ್ಳುತ್ತಾರೆ. ಬೆಟ್ರೀಬ್ಸ್‌ರಾಟ್ ನಿಮ್ಮ ಕಂಪನಿಯ ಕೆಲಸಗಾರರೇ ನಾಲ್ಕು ವರ್ಷಕ್ಕೊಮ್ಮೆ ಆರಿಸುವ ಸಮಿತಿ. ಅದು ಮುಷ್ಕರಕ್ಕೆ ಕರೆ ಕೊಡುವ ಹಾಗಿಲ್ಲ, ಕಾನೂನೇ ಬಿಡುವುದಿಲ್ಲ. ಆದರೆ ಅದನ್ನು ಕೇಳದೆ ಯಾರನ್ನಾದರೂ ಕೆಲಸದಿಂದ ತೆಗೆದರೆ ಆ ನೋಟಿಸಿಗೆ ಬೆಲೆಯೇ ಇಲ್ಲ. ಓವರ್‌ಟೈಮ್‌ಗೂ ಅದು ಒಪ್ಪಬೇಕು. ಯೂನಿಯನ್ ಅಂದರೆ ಐಜಿ ಮೆಟಾಲ್ ಥರದ್ದು, ಲೋಹ, ಎಂಜಿನಿಯರಿಂಗ್ ಕಾರ್ಖಾನೆಗಳ ಕೆಲಸಗಾರರ ದೊಡ್ಡ ಸಂಘ. ಸಂಬಳದ ಒಪ್ಪಂದ ಮಾಡುವುದು ಅದು, ಮುಷ್ಕರ ಹೂಡುವುದೂ ಅದೇ. ಸಂಬಳದಲ್ಲಿ ನೂರಕ್ಕೆ ಒಂದು ಪಾಲು ಚಂದಾ. ಸೇರುವುದು ಬಿಡುವುದು ನಿಮ್ಮಿಷ್ಟ, ಅವಸರ ಏನೂ ಇಲ್ಲ. ಸೇರುವ ಹಕ್ಕನ್ನು ಮಾತ್ರ ಅವರ ಸಂವಿಧಾನ ಎಲ್ಲರಿಗೂ ಕೊಟ್ಟಿದೆ, ಜರ್ಮನ್ನರಿಗಷ್ಟೇ ಅಲ್ಲ.

ಬೆಟ್ರೀಬ್ಸ್‌ರಾಟ್ ಮೂರು ತಿಂಗಳಿಗೊಮ್ಮೆ ಕರೆಯುವ ಕೆಲಸಗಾರರ ಸಭೆಗೆ ತಪ್ಪದೆ ಹೋಗಿ. ನಾನು ಮೊದಲ ಸಲ ಹೋದಾಗ ಕ್ಯಾಂಟೀನಿನ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ದೊಡ್ಡ ಸಾಹೇಬರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಅಸೆಂಬ್ಲಿ ಲೈನಿನ ಹೆಂಗಸೊಬ್ಬಳು ಏಪ್ರನ್ನಿನಲ್ಲೇ ಬಂದು ಮೈಕ್ ಹಿಡಿದು, "ರಾತ್ರಿ ಪಾಳಿ ಯಾಕೆ ಜಾಸ್ತಿ ಮಾಡಿದಿರಿ, ಲೆಕ್ಕ ಹೇಳಿ" ಅಂದಳು. ಸಾಹೇಬರು ಎದ್ದು ನಿಂತು ಲೆಕ್ಕ ಹೇಳಿದರು. ಅವಳಿಗೆ ಒಪ್ಪಿಗೆಯಾಗಲಿಲ್ಲ, ಮತ್ತೆ ಕೇಳಿದಳು. ಆಮೇಲೆ ಎಲ್ಲರೂ ಕಾಫಿಗೆ ಹೋದರು. ಬೆಂಗಳೂರಿನ ಐಟಿ ಕಂಪನಿಯಿಂದ ಹೋದ ನನಗೆ ಅದನ್ನು ನಂಬಲು ಸ್ವಲ್ಪ ದಿನ ಬೇಕಾಯಿತು.

ಅಮ್ಮಂದಿರು ಹೆದರುವುದು ಸುಮ್ನೆ ಅಲ್ಲ. 1980ರ ಕೊನೆಯಲ್ಲಿ ಇಲ್ಲಿನ ಸರ್ಕಾರಿ ಕಾರ್ಖಾನೆಗಳಲ್ಲಿ, ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಎಲ್ಲ ಸೇರಿ, ಶುರುವಾದ ಮುಷ್ಕರ 77 ದಿನ ನಡೆಯಿತು. ಅಪ್ಪ ಅಂಥದ್ದೊಂದು ಕಾರ್ಖಾನೆಯಲ್ಲಿ ಫಿಟ್ಟರ್. ಅಂಗಡಿಯವರು ಅಕ್ಕಿ, ಬೇಳೆ ಸಾಲ ಕೊಟ್ಟರಂತೆ, ಕಾಫಿಪುಡಿ ಮಾತ್ರ ಕೊಡಲಿಲ್ಲವಂತೆ. ಅಮ್ಮನಿಗೆ ಇವತ್ತಿಗೂ ಯೂನಿಯನ್ ಅಂದರೆ ಕಾಫಿ ಇಲ್ಲದ ಬೆಳಗು.

ಆದರೆ ಯೂನಿಯನ್ ಇಲ್ಲದಿದ್ದರೆ ಜಗಳವೂ ಇರುವುದಿಲ್ಲ ಅನ್ನುವುದು ಸುಳ್ಳು. 2016ರ ಏಪ್ರಿಲ್ ನೆನಪಿದೆಯಾ? ಪಿಎಫ್ ದುಡ್ಡು ಪೂರ್ತಿ ತೆಗೆಯಲು 58 ವರ್ಷ ಆಗಬೇಕು ಅನ್ನುವ ನಿಯಮ ಬಂದಾಗ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ದೊಡ್ಡ ಯೂನಿಯನ್‌ಗಳು ಕರೆ ಕೊಟ್ಟು ಇಳಿಸಿದ್ದಲ್ಲ, ತಾವೇ ಇಳಿದದ್ದು. ಅವರ ಹತ್ತಿರ ಮೊದಲೇ ಕೂತು ಮಾತಾಡಿದವರು ಯಾರಿದ್ದರು? ಕಲ್ಲು, ಲಾಠಿ, ಬೆಂಕಿ ಎಲ್ಲ ಆಯಿತು. ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಮೇಜಿನ ಮುಂದೆ ಮುಗಿಯಬೇಕಾದ ಮಾತು ಬೀದಿಯಲ್ಲಿ ಮುಗಿಯಿತು, ಅಲ್ವಾ?

ಜರ್ಮನ್ನರು ಇದನ್ನು ಪೆಟ್ಟು ತಿಂದು ಕಲಿತವರು. 1920ರ ಮಾರ್ಚ್‌ನಲ್ಲಿ ಕಾಪ್ ಎಂಬಾತನೂ ಕೆಲವು ಸೇನಾಧಿಕಾರಿಗಳೂ ಸೇರಿ ಬರ್ಲಿನ್ ಹಿಡಿದುಕೊಂಡರು. ಚುನಾಯಿತ ಸರ್ಕಾರ ಓಡಿ ಬಂದದ್ದು ಎಲ್ಲಿಗೆ ಗೊತ್ತಾ? ಡ್ರೆಸ್ಡನ್ ದಾಟಿ ನಿಮ್ಮ ಸ್ಟಟ್‌ಗಾರ್ಟ್‌ಗೇ. ಯೂನಿಯನ್‌ಗಳು ದೇಶವೆಲ್ಲ ಕೆಲಸ ನಿಲ್ಲಿಸಿದವು. ಬರ್ಲಿನ್‌ನಲ್ಲಿ ಟ್ರಾಮ್ ಇಲ್ಲ, ಕರೆಂಟ್ ಇಲ್ಲ, ನೀರೂ ಇಲ್ಲ. ಐದೇ ದಿನಕ್ಕೆ ಕಾಪ್ ಓಡಿಹೋದ. ಹಾಗಂತ ಯೂನಿಯನ್‌ನವರೆಲ್ಲ ವೀರರು ಅಂದುಕೊಳ್ಳಬೇಡಿ. 1933ರಲ್ಲಿ ಅದೇ ಯೂನಿಯನ್ ನಾಯಕರು ಹಿಟ್ಲರನ ಮುಂದೆ ತಗ್ಗಿ ನಡೆದು ಉಳಿಯೋಣ ಅಂದುಕೊಂಡರು. ಹಿಟ್ಲರ್ ಮೇ 1ಕ್ಕೆ ರಜೆ ಕೊಟ್ಟ, ಮೆರವಣಿಗೆ ಮಾಡಿಸಿದ, ಇವರೂ ತಮ್ಮವರಿಗೆ ಹೋಗಿ ಅಂದರು. ಮಾರನೇ ದಿನ ಬೆಳಿಗ್ಗೆ ಹಿಟ್ಲರನ ಕಡೆಯವರು ಯೂನಿಯನ್ ಆಫೀಸುಗಳಿಗೆಲ್ಲ ನುಗ್ಗಿ, ನಾಯಕರನ್ನು ಹಿಡಿದುಕೊಂಡು ಹೋದರು. ಯುದ್ಧ ಮುಗಿದ ಮೇಲೆ ಕೆಲಸಗಾರರ ಈ ಹಕ್ಕುಗಳನ್ನೆಲ್ಲ ಕಾನೂನಾಗಿ ಬರೆದಿಟ್ಟರು. 1976ರ ಕಾನೂನಿನ ಪ್ರಕಾರ 2000ಕ್ಕಿಂತ ಜಾಸ್ತಿ ಜನರಿರುವ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಕುರ್ಚಿ ಕೆಲಸಗಾರರ ಕಡೆಯವರದ್ದು. ಇದನ್ನು ಅಪ್ಪನಿಗೆ ಹೇಳಿದಾಗ ಎರಡು ಸಲ ಕೇಳಿಸಿಕೊಂಡು, "ಅರ್ಧಾನಾ?" ಅಂದರು.

ಒಂದು ಮಾತು ಬಾಕಿ. ವೋಟಿನ ದಿನ ನೀವು ಊರಲ್ಲಿ ಇರುವುದಿಲ್ಲ ಅಂದರೆ ಚುನಾವಣಾ ಸಮಿತಿಗೆ ಈಗಲೇ ಒಂದು ಮೇಲ್ ಹಾಕಿ, ಅಂಚೆ ಮತಪತ್ರ ಕಳಿಸುತ್ತಾರೆ. ಚುನಾವಣೆಗೆ ನಿಲ್ಲಲು ಆರು ತಿಂಗಳ ಸರ್ವಿಸ್ ಬೇಕು, ಅದು ಮುಂದಿನ ಸಲಕ್ಕೆ ಇರಲಿ.