ಹಳ್ಳ ದಾಟಿದ ಮೇಲೆ ಸೆಲ್ಫ್ ಹಿಡಿಯುತ್ತಿಲ್ಲ

ಪ್ರಶ್ನೆ: ಆನೆಗೊಂದಿ ಹತ್ತಿರ ನಮ್ಮ ಎಟಿವಿ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕ್) ಹಳ್ಳದ ನೀರಿಗಿಳಿಯಿತು. ಈಗ ಲೈಟ್ ಉರಿಯುತ್ತದೆ, ಸೆಲ್ಫ್ ಒತ್ತಿದರೆ ಸದ್ದೇ ಇಲ್ಲ. ಬ್ಯಾಟರಿ ಬದಲಿಸಬೇಕಾ?
– ಓದುಗರು, ಗಂಗಾವತಿ

ಉತ್ತರ: ಬೇಡ್ರಿ, ಸುಮ್ನೆ ದುಡ್ಡು ದಂಡ. ಮೊದಲು ಸೆಲ್ಫ್ ಒತ್ತೋದು ನಿಲ್ಲಿಸಿ. ಏರ್ ಫಿಲ್ಟರ್ ಡಬ್ಬಿಯಲ್ಲಿ ನೀರಿದ್ದರೆ, ಅಥವಾ ಆಯಿಲ್ ಹಾಲು ಹಾಕಿದ ಚಹಾದಂತೆ ಕಂಡರೆ, ಮೆಕ್ಯಾನಿಕ್ ನೋಡುವವರೆಗೆ ಇಂಜಿನ್ ತಿರುಗಿಸಲೇಬೇಡಿ. ಒಳಗೆ ನೀರಿದ್ದಾಗ ತಿರುಗಿಸಿದರೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು.

ಅದು ಸರಿಯಿದ್ದರೆ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಹತ್ತಿರ ತೋರಿಸಿದರೆ ಬ್ಯಾಟರಿ ಚಾರ್ಜ್ ಇದೆ. ನನ್ನ ಅನುಮಾನ ಬ್ರೇಕ್ ಲಿವರ್ ಬುಡದ ಸ್ವಿಚ್ ಮೇಲೆ. ಎಷ್ಟೋ ಮಾಡೆಲ್‌ಗಳಲ್ಲಿ ಬ್ರೇಕ್ ಹಿಡಿದ ಸಿಗ್ನಲ್ ಅದರಿಂದ ಸಿಗದೆ ಸೆಲ್ಫ್ ತಿರುಗಲ್ಲ. ಬ್ಯಾಟರಿ ಮೈನಸ್ ಬಿಚ್ಚಿ, ಆ ಸ್ವಿಚ್ಚಿನ ಮತ್ತು ಸ್ಟಾರ್ಟರ್ ರಿಲೇಯ (ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಭಾಗ) ಸಾಕೆಟ್ ಎಳೆದು ನೋಡಿ. ಪಿನ್ ಮೇಲೆ ಹಸಿರು ಪುಡಿ, ಮೂಲೆಯಲ್ಲಿ ಕೆಸರು ಕೂತಿದೆಯಾ? ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೆ ಟೂತ್‌ಬ್ರಷ್‌ನಿಂದ ತಿಕ್ಕಿ, ಪೂರ್ತಿ ಒಣಗಿಸಿ, ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ಪ್ರೆಷರ್ ವಾಶ್ ಮಾತ್ರ ಬೇಡವೇ ಬೇಡ, ನೀರು ಇನ್ನೂ ಒಳಗೆ ನುಗ್ಗುತ್ತದೆ.